ಗದ್ದ ಭುಜಕ್ಕೆ ಮುಟ್ಟುವ ತನಕ

ಫಿಸಿಯೋಥೆರಪಿ ಓದಿ ಮುಗಿಸಿ, ಬಿಳಿ ಕೋಟು ಹೊಲಿಸಿಕೊಂಡು, ಊರಿನ ಬೆನ್ನುಗಳನ್ನೆಲ್ಲ ನೆಟ್ಟಗೆ ಮಾಡಿಬಿಡುತ್ತೇವೆ ಎಂದು ಹೊರಟಿರುವ ಮಕ್ಕಳೇ, ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಕೋಣೆ ನೆಲಮಾಳಿಗೆಯಲ್ಲಿರುತ್ತದೆ. ಒಂದು ಕಡೆ ಜನರೇಟರ್, ಇನ್ನೊಂದು ಕಡೆ ಬಟ್ಟೆ ಒಗೆಯುವ ಕೋಣೆ, ನಡುವೆ ನೀವು. ನಡೆಯಲಾಗದವರನ್ನು ಹುಡುಕಿ ಹುಡುಕಿ ಮೆಟ್ಟಿಲು ಇಳಿಸಿ ನಿಮ್ಮ ಹತ್ತಿರ ಕಳಿಸುತ್ತಾರೆ. ಇದನ್ನು ಯೋಚಿಸಿ ಕಟ್ಟಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಅವನ ಸೊಂಟ ಚೆನ್ನಾಗಿರಲಿ.

ನಾನು ಕೆಲಸ ಮಾಡಿದ್ದು ಹೊಸೂರು ರಸ್ತೆಯ ಪಕ್ಕದ ಒಂದು ನರ್ಸಿಂಗ್ ಹೋಮ್‌ನಲ್ಲಿ, ಎಲೆಕ್ಟ್ರಾನಿಕ್ ಸಿಟಿಗೂ ಹೆಬ್ಬಗೋಡಿಗೂ ನಡುವೆ. ಅಪಘಾತದಲ್ಲಿ ಮೂಳೆ ಮುರಿದವರು ಮೇಲಿನ ಮಹಡಿಗೆ ಹೋಗುತ್ತಿದ್ದರು. ಅವರಿಗೆ ಪ್ಲಾಸ್ಟರ್ ಇತ್ತು, ಮರ್ಯಾದೆ ಇತ್ತು, ನೋಡಲು ಬಂದವರು ಸೇಬು, ಮೂಸಂಬಿ ತರುತ್ತಿದ್ದರು. ನನ್ನ ಪಾಲಿಗೆ ಬರುತ್ತಿದ್ದವರು ಎಕ್ಸ್‌ರೇ ನಾರ್ಮಲ್ ಇರುವವರು. ಎಕ್ಸ್‌ರೇ ನಾರ್ಮಲ್ ಇರುವವನಿಗೆ ಯಾರೂ ಹಣ್ಣು ತರುವುದಿಲ್ಲ. ಹೆಂಡತಿಯೂ ನಂಬುವುದಿಲ್ಲ.

ಈ ನೋವು ಹುಟ್ಟುವ ರೀತಿ ತೀರಾ ಸರಳ. ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಹಿಂದಿನಿಂದ ಇನ್ನೊಂದು ಬಂದು ಗುದ್ದುತ್ತದೆ. ಸೀಟು ಮೈಯನ್ನು ಮುಂದಕ್ಕೆ ತಳ್ಳುತ್ತದೆ. ತಲೆ ಮಾತ್ರ ಸುದ್ದಿ ತಿಳಿಯದವರ ಹಾಗೆ ಇದ್ದಲ್ಲೇ ಉಳಿದು ಹಿಂದಕ್ಕೆ ವಾಲುತ್ತದೆ, ಆಮೇಲೆ ಗಾಬರಿಯಾಗಿ ಮುಂದಕ್ಕೆ ಬೀಸಿ ಬರುತ್ತದೆ. ಪುಸ್ತಕದಲ್ಲಿ ಇದಕ್ಕೆ ವಿಪ್‌ಲ್ಯಾಶ್ ಎಂದು ಹೆಸರು. ನಮ್ಮವರು ‘ಕತ್ತು ಹಿಡ್ಕೊಂಡಿದೆ’ ಅನ್ನುತ್ತಾರೆ, ದಿಂಬು ಸರಿಯಿಲ್ಲದೆ ಮಲಗಿದ್ದಕ್ಕೂ ಅದನ್ನೇ ಅನ್ನುತ್ತಾರೆ. ಗುದ್ದಿಸಿಕೊಂಡವನು ಕೆಳಗಿಳಿದು ಮೊದಲು ನೋಡುವುದು ಬಂಪರನ್ನು. ‘ನಂಗೇನೂ ಆಗಿಲ್ಲ ಗುರು, ಗಾಡಿ ನೋಡು ಗಾಡಿ’ ಎಂದು ರಸ್ತೆ ಮಧ್ಯೆ ಕೂಗಾಡಿ, ಹಿಂದಿನವರನ್ನೆಲ್ಲ ಕಾಯಿಸಿ ಮನೆಗೆ ಹೋಗುತ್ತಾನೆ. ಮಾರನೆಯ ಬೆಳಿಗ್ಗೆ ದಿಂಬಿನಿಂದ ತಲೆ ಏಳುವುದಿಲ್ಲ. ಅಷ್ಟರಲ್ಲಿ ಬಂಪರ್ ರಿಪೇರಿಯಾಗಿರುತ್ತದೆ.

ನಾನು ಸೇರಿದ ಹೊಸದರಲ್ಲಿ ಇದಕ್ಕೆ ಒಂದೇ ಮದ್ದು: ಕತ್ತಿನ ಕಾಲರ್. ಮೂಳೆ ವಿಭಾಗದ ನಮ್ಮ ದೊಡ್ಡ ಡಾಕ್ಟರು ರೋಗಿಯ ಮುಖ ನೋಡುವ ಮೊದಲೇ ಕಾಲರ್ ಬರೆಯುತ್ತಿದ್ದರು. ಕತ್ತು ಅಲ್ಲಾಡಿಸಬಾರದು, ಮಲಗಬೇಕು, ತೂಕ ಕಟ್ಟಿ ಎಳೆಸಿಕೊಳ್ಳಬೇಕು. ಆಮೇಲೆ ಅವರು ಯಾವುದೋ ಹೋಟೆಲಿನಲ್ಲಿ ನಡೆದ ವೈದ್ಯರ ಸಮ್ಮೇಳನಕ್ಕೆ ಹೋಗಿ ಬಂದರು. ಬಂದ ದಿನವೇ ನನ್ನನ್ನು ಮೇಲಕ್ಕೆ ಕರೆಸಿ, "ಏನ್ರೀ ಇದು, ಎಲ್ಲರಿಗೂ ಕಾಲರ್ ಹಾಕಿಸಿ ಕೂರಿಸಿದ್ದೀರಲ್ಲ? ಕತ್ತು ಅಲ್ಲಾಡಿಸಿದಷ್ಟೂ ಒಳ್ಳೇದು. ನೀವೆಲ್ಲ ಸ್ವಲ್ಪ ಓದ್ಕೋಬೇಕು" ಎಂದರು. ನಾನು "ಆಗಲಿ ಸಾರ್" ಎಂದೆ. ಮೇಲಧಿಕಾರಿಗಳ ಹತ್ತಿರ ಈ ಎರಡು ಪದ ಸಾಕು, ಬಾಯಿಪಾಠ ಮಾಡಿಕೊಳ್ಳಿ.

ಅಂದಿನಿಂದ ಕಾಲರ್ ಬಿಡಿಸುವುದೇ ನನ್ನ ಕೆಲಸವಾಯಿತು. ಹಾಕುವುದು ಸುಲಭ, ಬಿಡಿಸುವುದು ಕಷ್ಟ. ನಿತಿನ್ ಎಂಬ ಸಾಫ್ಟ್‌ವೇರ್ ಹುಡುಗನೊಬ್ಬ ಕಾಲರ್ ಹಾಕಿಕೊಂಡು ತಿಂಗಳುಗಟ್ಟಲೆ ಓಡಾಡಿದ. ಸ್ನಾನಕ್ಕೊಂದು, ಆಫೀಸಿಗೊಂದು, ಮದುವೆ ಮನೆಗೆ ಹೊಸದೊಂದು.

"ತೆಗೀರಿ ಅದನ್ನ" ಎಂದೆ.

"ಮೇಡಂ, ತೆಗೆದ್ರೆ ತಲೆ ಬಿದ್ದೋಗತ್ತೆ ಅನ್ಸತ್ತೆ."

"ಬಿದ್ರೆ ನಾನು ಹಿಡ್ಕೋತೀನಿ, ತೆಗೀರಿ."

ತಲೆ ಬೀಳಲಿಲ್ಲ. ಆದರೂ ಅವನ ಮುಖ ಸಣ್ಣದಾಯಿತು. ಕೆದಕಿ ಕೇಳಿದ ಮೇಲೆ ಬಾಯಿಬಿಟ್ಟ: "ಇದಿದ್ರೆ ಮೀಟಿಂಗಲ್ಲಿ ಮ್ಯಾನೇಜರ್ ಬೈಯಲ್ಲ ಮೇಡಂ. ಕ್ಯಾಮೆರಾ ಆನ್ ಮಾಡಿದ ತಕ್ಷಣ ‘ಟೇಕ್ ಕೇರ್ ನಿತಿನ್’ ಅಂತಾರೆ." ಅವನ ಕತ್ತು ಗುಣವಾಗಿ ಎಷ್ಟೋ ದಿನವಾಗಿತ್ತು. ಮ್ಯಾನೇಜರ್‌ಗೆ ನನ್ನಲ್ಲಿ ವ್ಯಾಯಾಮವಿರಲಿಲ್ಲ.

ಇಂಥವರನ್ನು ನೋಡಿ ನೋಡಿ ನನಗೂ ಸುಲಭವಾಗಿ ನಂಬಿಕೆ ಬರುತ್ತಿರಲಿಲ್ಲ. ಆಗ ಬಂದವನು ಯಮನೂರಪ್ಪ. ಕುಷ್ಟಗಿ ಕಡೆಯವನು, ಹೆಬ್ಬಗೋಡಿಯ ವಠಾರವೊಂದರಲ್ಲಿ ಬಸುರಿ ಹೆಂಡತಿಯ ಜೊತೆ ಬಾಡಿಗೆಗಿದ್ದ. ಐಟಿ ಕಂಪನಿಯವರನ್ನು ಕರೆತರುವ ಟೆಂಪೋ ಟ್ರಾವೆಲರ್ ಓಡಿಸುತ್ತಿದ್ದ. ಗಾಡಿ ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ನೀರಿನ ಟ್ಯಾಂಕರ್ ಗುದ್ದಿತ್ತು. ಒಳಗಿದ್ದವರಿಗೆ ಏನೂ ಆಗಿರಲಿಲ್ಲ, ಅವರು ಇನ್ನೊಂದು ಕ್ಯಾಬ್ ಹಿಡಿದು ಆಫೀಸಿಗೆ ಹೋಗಿದ್ದರು. ಇವನು ಮಾತ್ರ ಕತ್ತನ್ನು ಒಂದಿಷ್ಟೂ ತಿರುಗಿಸದೆ, ಕರೆದರೆ ಇಡೀ ಮೈಯನ್ನೇ ತಿರುಗಿಸಿಕೊಂಡು ನನ್ನೆದುರು ನಿಂತಿದ್ದ.

"ಎಕ್ಸ್‌ರೇದಾಗ ಏನೂ ಇಲ್ಲಂತ್ರಿ ಮೇಡಮ್ಮಾರ. ಮತ್ತ ನೋವು ಎಲ್ಲಿಂದ ಬರಾಕತ್ತೈತಿ?"

"ಬೇರೆ ಯಾರಿಗಾದರೂ ತೋರಿಸಿದ್ಯಾ?"

"ನಮ್ಮೂರ ಕಡ್ಯಾಂವಂದು ಕಟಿಂಗ್ ಅಂಗಡಿ ಐತ್ರಿ. ಒಂದ್ ಸಲ ಲಟಕ್ ಅನಿಸಿದ್ರ ಸರಿ ಹೋಗತೈತಿ ಅಂದ. ಅನಿಸಿದ."

"ಸರಿ ಹೋಯ್ತಾ?"

"ಕೈಗೂ ಇಳೀತ್ರಿ ನೋವು."

ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ತಲೆಯನ್ನು ಎರಡೂ ಕಡೆ ತಿರುವಿ ಲಟಕ್ ಅನ್ನಿಸುತ್ತಾರಲ್ಲ, ಅದರ ಕೃಪೆಯಿಂದ ನನ್ನ ಕೋಣೆ ಎಂದೂ ಖಾಲಿ ಬಿದ್ದಿಲ್ಲ. ನಾನು ಅವನ ಕೈಯನ್ನೂ ಕತ್ತನ್ನೂ ಪರೀಕ್ಷಿಸಿ ನೋಡಿದೆ. ನರಕ್ಕೆ ಪೆಟ್ಟಾಗಿರಲಿಲ್ಲ, ಪುಣ್ಯ. ಕೈನೋವು ಬೇಗ ಇಳಿಯಿತು. ಕತ್ತು ಮಾತ್ರ ಮರದ ಹಾಗೆ ಬಿಗಿದುಕೊಂಡೇ ಇತ್ತು.

ಟ್ರಾವೆಲ್ಸ್‌ನ ಸೂಪರ್‌ವೈಸರ್ ಅವನಿಗೆ ಖಡಾಖಂಡಿತವಾಗಿ ಹೇಳಿದ್ದ. ಯಾರ್ಡಿನಲ್ಲಿ ಎರಡು ಕಂಬಗಳ ನಡುವೆ ಗಾಡಿಯನ್ನು ರಿವರ್ಸ್ ಹಾಕಿ ತೋರಿಸಬೇಕು. ಗಾಡಿಯ ಹಿಂಬದಿ ಕ್ಯಾಮೆರಾ ಆಫ್ ಮಾಡಿ, ಕತ್ತು ತಿರುಗಿಸಿ ಹಿಂದೆ ನೋಡಿಕೊಂಡು. ಆಗದಿದ್ದರೆ ಗಾಡಿಯ ಕೀ ಬೇರೆಯವನಿಗೆ. "ನಾಟಕ ಮಾಡಾಕತ್ತಾನ ಅಂತಾನ್ರಿ ಮೇಡಮ್ಮಾರ" ಎಂದ ಯಮನೂರ. ನೋವಿಗಿಂತ ಆ ಮಾತು ಅವನಿಗೆ ಹೆಚ್ಚು ನಾಟಿತ್ತು. ಅವನಿಗೆ ಗೊತ್ತಿದ್ದದ್ದು ಸ್ಟೀರಿಂಗ್ ಒಂದೇ. ಅದು ಹೋದರೆ ಮಗು ಹುಟ್ಟುವ ಹೊತ್ತಿಗೆ ಅವನು ಬೆಂಗಳೂರಿನಲ್ಲಿ ಏನೂ ಅಲ್ಲ.

ವ್ಯಾಯಾಮ ಶುರು ಮಾಡಿಸಿದೆ. ಗದ್ದ ಒಳಗೆಳೆ, ಹೆಗಲು ಕೂಡಿಸು, ನಿಧಾನವಾಗಿ ಎಡಕ್ಕೆ ನೋಡು, ಬಲಕ್ಕೆ ನೋಡು. ಅವನು ಕಾಟಾಚಾರಕ್ಕೆ ಮಾಡುತ್ತಿದ್ದ. ಅವನ ಲೆಕ್ಕದಲ್ಲಿ ಇದು ಉಳುಕು. ಉಳುಕನ್ನು ಯಾರಾದರೂ ತೆಗೆಯಬೇಕು, ತಾನೇ ಹೇಗೆ ತೆಗೆದುಕೊಳ್ಳುವುದು?

ಅದೇ ದಿನಗಳಲ್ಲಿ ನಮ್ಮ ಅಮ್ಮ ನನ್ನ ಮಾನ ಕಳೆದಳು. ಅಮ್ಮ ದಾವಣಗೆರೆಯವಳು, ನನ್ನ ಜೊತೆಯಲ್ಲೇ ಇರುತ್ತಾಳೆ. ಮಂಡಿನೋವು ತೋರಿಸಲೆಂದು ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋಗಿದ್ದೆ. ಹೊರಗೆ ಬೆಂಚಿನ ಮೇಲೆ ಕೂತು ನಮ್ಮ ಆಯಾ ಮುನಿಯಮ್ಮನ ಜೊತೆ ಮಾತಿಗಿಳಿದಿದ್ದಾಳೆ. ಇಡೀ ಮಹಡಿಗೆ ಕೇಳುವ ಹಾಗೆ ಹೇಳಿದ್ದು ಇಷ್ಟು: "ನಮ್ ಶೈಲಾ ಹುಟ್ಟಿದ್ದೇ ಕಾಲು ಮುಂದಾಗಿ. ಸಣ್ಣಾಕಿ ಇದ್ದಾಗ ನಮ್ ಓಣೀಲಿ ಯಾರಿಗ್ ಸೊಂಟ ಉಳುಕಿದ್ರೂ ಇಕಿನ್ನೇ ಕರ್ಕೊಂಡ್ ಹೋಗೋರು. ಒಂದ್ ಒದೆ ಒದ್ರೆ ಸಾಕಿತ್ತು, ಎದ್ದು ಓಡಾಡೋರು."

ಮಗುವಾಗಿದ್ದಾಗ ನನ್ನನ್ನು ಎತ್ತಿಕೊಂಡು ಹೋಗಿ, ಬೋರಲು ಮಲಗಿದ ದೊಡ್ಡವರ ಸೊಂಟಕ್ಕೆ ಕಾಲಲ್ಲಿ ಒದೆಸುತ್ತಿದ್ದದ್ದು ನಿಜ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಹೋಗುತ್ತದೆ ಎಂಬ ನಂಬಿಕೆ ಅಂದೂ ಇತ್ತು, ಇಂದೂ ಇದೆ. ಈಗ ಅಂಥವರು ಸಿಗುವುದು ಅಪರೂಪ. ಮಗು ತಿರುಗಿಕೊಂಡಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಕಂಡರೆ ಆಪರೇಷನ್ ಮಾಡಿ ತೆಗೆಯುತ್ತಾರೆ. ಹೀಗಾಗಿ ಎಲೆಕ್ಟ್ರಾನಿಕ್ ಸಿಟಿ ಸುತ್ತಮುತ್ತ ನಾನು ಏಕಾಏಕಿ ಬೆಲೆಬಾಳುವ ವಸ್ತುವಾದೆ. ಗೋಡೆಯ ಮೇಲೆ ತೂಗುಹಾಕಿದ್ದ ಡಿಗ್ರಿಯನ್ನು ಅಷ್ಟು ವರ್ಷ ಯಾರೂ ತಲೆಯೆತ್ತಿ ನೋಡಿರಲಿಲ್ಲ. ಈಗ ಎಲ್ಲರೂ ನನ್ನ ಪಾದ ನೋಡತೊಡಗಿದರು.

"ಮೇಡಂ, ಎಕ್ಸರ್‌ಸೈಜ್ ಬೇಡ, ಒಂದ್ ಒದೆ ಕೊಟ್ಬಿಡಿ" ಎಂದು ಬರುವವರು ಹೆಚ್ಚಿದರು. ನಿತಿನ್ ಕೂಡ ಬಂದ. "ಸೈನ್ಸ್ ಇದ್ಯೋ ಇಲ್ವೋ, ಟ್ರೈ ಮಾಡೋದ್ರಲ್ಲಿ ಏನಿದೆ ಮೇಡಂ?" ಎಂದ. ಒಂದು ಮಧ್ಯಾಹ್ನ ದೊಡ್ಡ ಡಾಕ್ಟರು ಸ್ವತಃ ನೆಲಮಾಳಿಗೆಗೆ ಇಳಿದು ಬಂದರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಬಾಗಿಲು ಮುಂದೆ ಮಾಡಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, "ನಂಗೇನೂ ಇದ್ರಲ್ಲಿ ನಂಬಿಕೆ ಇಲ್ಲ. ನಮ್ಮ ಮನೆಯವರು ಬಲವಂತ ಮಾಡಿದ್ರು. ಯಾರಿಗೂ ಹೇಳ್ಬೇಡಿ" ಎಂದರು. ಒದ್ದೆನೋ ಇಲ್ಲವೋ ಇಲ್ಲಿ ಬರೆಯುವುದಿಲ್ಲ. ಕೆಳಗೆ ಕೆಲಸ ಮಾಡುವವರಿಗೆ ಅಂಥ ಅವಕಾಶ ಸಿಗುವುದು ಕಡಿಮೆ ಎಂದಷ್ಟೇ ಹೇಳುತ್ತೇನೆ.

ಯಮನೂರನಂತೂ ವ್ಯಾಯಾಮ ಬಿಟ್ಟೇಬಿಟ್ಟ. "ನಿಮ್ಮ ಕಾಲ ಇರೂಮುಂದ ನನಗ್ಯಾಕ್ರಿ ಈ ಕಸರತ್ತು? ಒದ್ದುಬಿಡ್ರಿ" ಎಂದು ನೆಲದ ಮೇಲೆ ಕೂತುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಪೆಟ್ಟಾದ ಕತ್ತಿಗೆ ಒದೆಯಲು ನನಗೇನು ತಲೆ ಕೆಟ್ಟಿದೆಯೇ? ಆದರೆ ಅವನನ್ನು ಬೈದು ಕಳಿಸಿದರೆ ನೆಟ್ಟಗೆ ಕ್ಷೌರದಂಗಡಿಗೆ ಹೋಗುತ್ತಾನೆ ಎಂಬುದೂ ಗೊತ್ತಿತ್ತು. ಆ ಕ್ಷಣದಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ.

"ಒದೀತೀನಿ. ಆದ್ರೆ ಅದಕ್ಕೊಂದು ಪದ್ಧತಿ ಇದೆ. ಬಿಗಿದಿರೋ ಕತ್ತಿಗೆ ಒದೆ ಹತ್ತಲ್ಲ. ಎರಡೂ ಕಡೆ ಗದ್ದ ಭುಜಕ್ಕೆ ಮುಟ್ಟಬೇಕು. ಮುಟ್ಟಿದ ದಿನ ಒದೀತೀನಿ."

"ಖರೇನ್ರಿ?"

"ನಮ್ಮಮ್ಮನ್ನ ಕೇಳು."

ಅಮ್ಮನನ್ನು ಕೇಳಿಯೂ ಕೇಳಿದ. ಅಮ್ಮ ಒಂದು ಕ್ಷಣವೂ ತಡವರಿಸದೆ, "ಮತ್ತೆ! ಪದ್ಧತಿ ಬಿಟ್ಟು ಒದ್ರೆ ಉಲ್ಟಾ ಹೊಡಿತದೆ" ಎಂದಳಂತೆ. ಸುಳ್ಳಿನಲ್ಲಿ ನನ್ನ ತಾಯಿ ನನಗಿಂತ ಗಟ್ಟಿ.

ಅಲ್ಲಿಂದ ಯಮನೂರ ಮಾಡಿದ ವ್ಯಾಯಾಮ ನೋಡಬೇಕಿತ್ತು. ನಲ್ಲಿ ನೀರಿಗೆ ನಿಂತಲ್ಲೂ ಕತ್ತು ತಿರುಗಿಸುತ್ತಿದ್ದನಂತೆ, ವಠಾರದವರು ದೆವ್ವ ಹಿಡಿದಿದೆ ಎಂದುಕೊಂಡಿದ್ದರಂತೆ. ಆದರೂ ಅರ್ಧಕ್ಕೆ ಬಂದು ಕತ್ತು ನಿಂತುಬಿಡುತ್ತಿತ್ತು. ಮುಂದಕ್ಕೆ ಹೋಗಲು ಸ್ನಾಯು ತಯಾರಿತ್ತು, ಅವನು ತಯಾರಿರಲಿಲ್ಲ. ಒಂದು ದಿನ ಅವನು ಸ್ಟೂಲಿನ ಮೇಲೆ ಕೂತಿದ್ದಾಗ ಮುನಿಯಮ್ಮ ಔಷಧಿ ಟ್ರಾಲಿಯನ್ನು ಗಡಗಡ ತಳ್ಳಿಕೊಂಡು ಹಿಂದಿನಿಂದ ಬಂದರು. ಅವನು ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತ. ಹಣೆ ಬೆವರಿತ್ತು.

"ಏನಾಯ್ತೋ?"

"ಕನ್ನಡ್ಯಾಗ ನೋಡಿದ್ನಿರಿ ಅವತ್ತು. ಟ್ಯಾಂಕರ್ ಬರೂದು ಕಾಣಾಕತ್ತಿತ್ತು. ನಿಂದರಂಗಿಲ್ಲ ಅಂತ ಗೊತ್ತಾತು. ಮುಂದ ಗಾಡಿ, ಬಾಜೂಕ ಗಾಡಿ, ಎಲ್ಲಿ ಹೋಗ್ಲಿ? ಈಗ ಹೊಳ್ಳಿ ನೋಡಾಕ ಅಂಜಿಕಿ ಬರತೈತ್ರಿ ಮೇಡಮ್ಮಾರ."

ಅವನು ನಾಟಕ ಮಾಡುತ್ತಿದ್ದಾನೋ ಏನೋ ಎಂದು ನನಗೂ ಆಗೊಮ್ಮೆ ಈಗೊಮ್ಮೆ ಅನ್ನಿಸಿತ್ತು. ಆ ದಿನ ಅದು ಹೋಯಿತು. ಪಾಪ ಅನ್ನಿಸಿತು. ಆದರೆ ಪಾಪ ಅನ್ನುತ್ತಾ ಕೂತರೆ ಕತ್ತು ತಿರುಗುವುದಿಲ್ಲ. ಮುನಿಯಮ್ಮನನ್ನು ಕರೆದು, ಟ್ರಾಲಿಯನ್ನು ದೂರದಿಂದ ನಿಧಾನವಾಗಿ ಇವನ ಬೆನ್ನ ಹಿಂದೆ ತಂದು ನಿಲ್ಲಿಸಬೇಕು, ಇವನು ತಿರುಗಿ ನೋಡುವ ತನಕ ಮುಂದೆ ಬರಬಾರದು ಎಂದೆ.

ಮುನಿಯಮ್ಮ ಹೆಬ್ಬಗೋಡಿಯವರೇ, ಬಾಯಿ ಜೋರು. "ಏನ್ ಮೇಡಂ, ಈ ವಯಸ್ನಾಗೆ ನಾನು ಟ್ಯಾಂಕರಾ? ಬ್ರೇಕ್ ಆಕ್ಬೇಕೋ ಬ್ಯಾಡ್ವೋ ಮೊದ್ಲೇ ಏಳ್ಬುಡಿ" ಎಂದರು.

ಬ್ರೇಕ್ ಹಾಕಿದರು. ದಿನಾ ಹಾಕಿದರು. ಮೊದಮೊದಲು ಅವನು ಕಣ್ಣಂಚಿನಲ್ಲಷ್ಟೇ ನೋಡುತ್ತಿದ್ದ. ಬರುಬರುತ್ತ ಮುನಿಯಮ್ಮನಿಗೆ ಪಾತ್ರ ಮೈಮೇಲೆ ಬಂತು. "ಪೋಂ ಪೋಂ, ಸೈಡ್ ಬುಡಪ್ಪೋ, ನಲ್ಲೀಲಿ ನೀರ್ ಬಂದಿಲ್ಲ!" ಎಂದು ಕೂಗಿಕೊಂಡು ಬಂದ ಒಂದು ದಿನ ಯಮನೂರ ನಗು ತಡೆಯಲಾರದೆ ತಿರುಗಿ ನೋಡಿಬಿಟ್ಟ. ಪೂರ್ತಿ ತಿರುಗಿದ್ದ. ತಿರುಗಿದ್ದು ಅವನಿಗೇ ಗೊತ್ತಾಗಲಿಲ್ಲ.

ಯಾರ್ಡಿನ ಪರೀಕ್ಷೆಯ ಹಿಂದಿನ ದಿನ ಬಂದ. ಎಡಕ್ಕೆ ತಿರುಗಿದ, ಗದ್ದ ಭುಜಕ್ಕೆ ಮುಟ್ಟಿತು. ಬಲಕ್ಕೂ ಮುಟ್ಟಿತು. "ಇನ್ನೇನೋ, ವಾಸಿಯಾಯ್ತಲ್ಲ, ಒದೆ ಯಾಕೆ?" ಎಂದೆ.

"ಮಾತು ಕೊಟ್ಟೀರಿ ಮೇಡಮ್ಮಾರ."

ಬಾಗಿಲು ಹಾಕಿ, ಚಪ್ಪಲಿ ಬಿಟ್ಟು, ಹೆಬ್ಬೆರಳನ್ನು ಅವನ ಹೆಗಲಿಗೆ ತಾಗಿಸಿದೆ. ನಡೆಯುವಾಗ ತಾಗಿದಷ್ಟೂ ತಾಗಲಿಲ್ಲ. ಅವನು ಕಣ್ಣು ಮುಚ್ಚಿ ಕೈಮುಗಿದ.

ಮಾರನೆಯ ದಿನ ಪೇಡೆಯ ಪೊಟ್ಟಣ ಹಿಡಿದುಕೊಂಡು ಬಂದ. ಪಕ್ಕದ ಸೀಟಿನ ಮೇಲೆ ಕೈಯಿಟ್ಟು, ಹೊಳ್ಳಿ ನೋಡಿ, ಕಂಬಕ್ಕೆ ಒಂದು ಗೆರೆಯೂ ಬೀಳದ ಹಾಗೆ ಗಾಡಿ ಹಾಕಿದ್ದನಂತೆ. ಸೂಪರ್‌ವೈಸರ್ ಅಲ್ಲೇ ಕೀ ಕೊಟ್ಟನಂತೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಎರಡು ಪೇಡೆ ಒಟ್ಟಿಗೆ ಬಾಯಿಗೆ ಹಾಕಿಕೊಂಡೆ. ಆಗ ಈ ಮಹಾನುಭಾವ, ಕಾಯುತ್ತ ಕೂತಿದ್ದ ರೋಗಿಗಳ ಮುಂದೆಲ್ಲ ಹೇಳಿದ: "ಇಷ್ಟ ದಿನ ಟ್ರಾಲಿ ಟ್ರಾಲಿ ಅಂತ ಸುಮ್ನ ಟೈಮ್ ಕಳದ್ರಿ. ಮೊದ್ಲ ಒದ್ದಿದ್ರ ಅವತ್ತ ಮುಗೀತಿತ್ತು."

ಬಾಯಲ್ಲಿ ಪೇಡೆ ಇದ್ದದ್ದರಿಂದ ಬೈಯಲಾಗಲಿಲ್ಲ.

ಇದಾಗಿ ಕೆಲವು ವರ್ಷಕ್ಕೆ ನಿವೃತ್ತಳಾದೆ. ದೊಡ್ಡ ಡಾಕ್ಟರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಸಂಸ್ಥೆಯ ಬೆನ್ನೆಲುಬು ಎಂದೆಲ್ಲ ಹೊಗಳಿದರು. ನೆಲಮಾಳಿಗೆಯಲ್ಲಿದ್ದ ಬೆನ್ನೆಲುಬು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಟ್ಯಾಕ್ಸಿಯಲ್ಲಿ ಮನೆಗೆ ಹೊರಟೆ. ಫ್ಲೈಓವರ್ ಇಳಿದು ನಿಂತಿದ್ದೆವು. ಹಿಂದಿನಿಂದ ಯಾವುದೋ ಡೆಲಿವರಿ ವ್ಯಾನ್ ಬಂದು ಗುದ್ದಿತು. ಸೇಬುಗಳು ಡ್ರೈವರ್‌ನ ಕಾಲಬುಡಕ್ಕೆ ಉರುಳಿದವು. ನಾನು ಕೆಳಗಿಳಿದು, "ನನಗೇನೂ ಆಗಿಲ್ಲ, ಗಾಡಿ ನೋಡಪ್ಪ" ಎಂದೆ. ಹೌದು, ನಾನೇ.

ಮಾರನೆಯ ಬೆಳಿಗ್ಗೆ ತಲೆ ಏಳಲಿಲ್ಲ. ಎಕ್ಸ್‌ರೇ ನಾರ್ಮಲ್. ಅಮ್ಮ ಮುಖ ನೋಡಿದ ರೀತಿಯಲ್ಲೇ ಅವಳಿಗೆ ನಂಬಿಕೆ ಬಂದಿಲ್ಲ ಎಂದು ಗೊತ್ತಾಯಿತು. "ನಿನ್ ಕಾಲು ನಿನ್ ಕತ್ತಿಗೆ ಹತ್ತಿದ್ರೆ ಈ ಪಂಚಾಯ್ತಿನೇ ಇರ್ತಿರ್ಲಿಲ್ಲ" ಎಂದಳು. ನಾನು ಯಾರಿಗೂ ಹೇಳದೆ ಆನ್‌ಲೈನ್‌ನಲ್ಲಿ ಕಾಲರ್ ತರಿಸಿದೆ. ಹಾಕಿಕೊಂಡರೆ ಹಾಯೆನಿಸುತ್ತಿತ್ತು. ವ್ಯಾಯಾಮ? ನಾಳೆಯಿಂದ. ನಾಳೆ ಎಂದೂ ಬರಲಿಲ್ಲ. ರಸ್ತೆ ದಾಟಲು ಹೆದರಿ ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟೆ. ಉಳಿದ ಆಯಸ್ಸನ್ನೆಲ್ಲ ನೇರ ಮುಂದೆ ನೋಡಿಕೊಂಡು ಕಳೆಯಬೇಕೇನೋ ಎಂದು ಒಬ್ಬಳೇ ಇದ್ದಾಗ ಅತ್ತದ್ದೂ ಇದೆ.

ಅಮ್ಮ ಫೋನ್ ಮಾಡಿ ಕರೆಸಿದ್ದು ಯಮನೂರನನ್ನು. ಭಾನುವಾರ ಬಂದ, ಪುಟ್ಟ ಮಗಳು ಶ್ರಾವಣಿಯನ್ನು ಎತ್ತಿಕೊಂಡು. ಬಂದವನೇ ಘೋಷಿಸಿದ: "ನಮ್ಮ ಹುಡುಗಿನೂ ಕಾಲ ಮುಂದ ಮಾಡಿ ಹುಟ್ಟೈತ್ರಿ ಮೇಡಮ್ಮಾರ."

"ಆಪರೇಷನ್ ಅಲ್ವೇನೋ ಆಗಿದ್ದು?"

"ಆಪರೇಷನ್ನ ಆದ್ರೂ ಮೊದ್ಲ ಬಂದಿದ್ದು ಕಾಲ. ಡಾಕ್ಟರಮ್ಮನ್ನ ಕೇಳೇನ್ರಿ." ಹೆರಿಗೆ ಮಾಡಿಸಿ ಸುಸ್ತಾಗಿ ನಿಂತಿದ್ದ ಡಾಕ್ಟರನ್ನು ಈ ಪ್ರಶ್ನೆ ಕೇಳಿದ ಮಹಾಶಯ ಜಗತ್ತಿನಲ್ಲಿ ಇವನೊಬ್ಬನೇ ಇರಬೇಕು. ಆಮೇಲೆ ನನ್ನ ಕತ್ತಿನ ಕಡೆ ಬೆರಳು ತೋರಿಸಿದ. "ಇದ್ಯಾಕ್ರಿ? ತಗೀರಿ."

"ತೆಗೆದ್ರೆ ತಲೆ ಬಿದ್ದುಹೋಗುತ್ತೆ ಅನ್ಸುತ್ತೆ ಕಣೋ."

"ಬಿದ್ರ ನಾ ಹಿಡಕೋತೀನ್ರಿ."

ತೆಗೆದೆ. ನಾಚಿಕೆಯಿಂದ ಮಗುವಿನ ಕಡೆ ನೋಡಿ, "ಒದೆಸಿಬಿಡು ಮತ್ತೆ" ಎಂದೆ. ಅವನು ಗಂಭೀರವಾಗಿ ಕೂತು, "ಪದ್ಧತಿ ಐತಲ್ರಿ. ಗದ್ದ ಭುಜಕ್ಕ ಮುಟ್ಟೂತನಕ ಒದಿಯೂದಿಲ್ಲ" ಎಂದ. ಅಮ್ಮ ಅಡುಗೆಮನೆಯಿಂದ, "ಉಲ್ಟಾ ಹೊಡಿತದೆ" ಎಂದು ದನಿಗೂಡಿಸಿದಳು.

ಪ್ರತಿ ಭಾನುವಾರ ಬಂದು ವ್ಯಾಯಾಮ ಮಾಡಿಸಿದ. ಗದ್ದ ಒಳಗ ಎಳೀರಿ, ಕಾಟಾಚಾರ ಬ್ಯಾಡ್ರಿ, ಉಸರು ಬಿಗೀಬ್ಯಾಡ್ರಿ. ನನ್ನ ಮಾತುಗಳೇ, ಕುಷ್ಟಗಿಯ ದನಿಯಲ್ಲಿ. ಅಮ್ಮನ ಚಕ್ರದ ವಾಕರನ್ನು ಹಿಂದಿನಿಂದ ತಳ್ಳಿಕೊಂಡು ಬಂದು ಪೋಂ ಪೋಂ ಅನ್ನುತ್ತಿದ್ದ. ಹಿಂದೆ ಇರುವುದು ವಾಕರ್ ಎಂದು ಗೊತ್ತು, ತಳ್ಳುತ್ತಿರುವವನು ಯಾರೆಂದೂ ಗೊತ್ತು. ಆದರೂ ಅಂಗೈ ಬೆವರುತ್ತಿತ್ತು, ಕತ್ತು ಅರ್ಧಕ್ಕೆ ನಿಂತುಬಿಡುತ್ತಿತ್ತು. ಅಷ್ಟು ವರ್ಷ ‘ಸುಮ್ನೆ ತಿರುಗ್ರೀ, ಏನೂ ಆಗಲ್ಲ’ ಎಂದು ಎಷ್ಟು ಸಲೀಸಾಗಿ ಹೇಳುತ್ತಿದ್ದೆ.

ಒಂದು ಭಾನುವಾರ ಗದ್ದಕ್ಕೂ ಭುಜಕ್ಕೂ ನಡುವೆ ಒಂದು ಬೆರಳಿನ ಜಾಗ ಉಳಿಯಿತು. ಅದನ್ನು ದಾಟಲು ಆಗುತ್ತಲೇ ಇರಲಿಲ್ಲ. "ಇವತ್ತ ಇಲ್ರಿ" ಎಂದು ಯಮನೂರ ಎದ್ದ. ಸೋಫಾದ ಮೇಲೆ ನನ್ನ ಬೆನ್ನ ಹಿಂದೆ ಕುಣಿಯುತ್ತಿದ್ದ ಶ್ರಾವಣಿಗೆ ಇಷ್ಟು ವಾರ ಬಂದೂ ಒದೆಯಲು ಬಿಡಲಿಲ್ಲ ಎಂಬ ಸಿಟ್ಟು ಬಂದಿರಬೇಕು. ಯಾರನ್ನೂ ಕೇಳದೆ ಕಾಲೆತ್ತಿ ನನ್ನ ಹೆಗಲಿಗೆ ಪಟ್ಟನೆ ಒಂದು ಕೊಟ್ಟಳು.

"ಏಯ್!" ಎಂದು ತಿರುಗಿದೆ. ಹಿಂದೆ ನಿಂತಿದ್ದ ಮಗುವಿನ ಮುಖ ಪೂರ್ತಿ ಕಂಡಿತು. ಗದ್ದ ಭುಜದ ಮೇಲಿತ್ತು. ಅವಳು ಕಣ್ಣರಳಿಸಿಕೊಂಡು, "ಹೋತಾ?" ಎಂದು ಕೇಳಿದಳು.

"ಹೋಯ್ತು ಕಣೇ" ಎಂದೆ. ಅಳು ಬಂದುಬಿಟ್ಟಿತು, ಅವಳ ಪಾದ ಹಿಡಿದುಕೊಂಡೇ ಅತ್ತೆ.

"ನೋಡ್ರಿ ಮತ್ತ," ಎಂದ ಯಮನೂರ ಇನ್ನೊಂದು ಪಕ್ಕದಿಂದ, "ಇಷ್ಟ ದಿನ ಕಸರತ್ತು ಮಾಡಿ ಏನ್ ಉಪಯೋಗ ಆತು? ಮೊದ್ಲ ಒದಸಬೇಕಿತ್ತು."

ನಾನು ಕಣ್ಣೊರೆಸಿಕೊಂಡು, ಕತ್ತನ್ನು ಆ ಭುಜದಿಂದ ಈ ಭುಜಕ್ಕೆ ಪೂರ್ತಿ ತಿರುಗಿಸಿ, ಅವನನ್ನು ಕೆಕ್ಕರಿಸಿಕೊಂಡು ನೋಡಿದೆ.